ಹನ್ನೆರಡು ಹುಣಸೆ ಬೀಜದಲ್ಲಿ ಕಾಲು ಭಾಗ

ಕೆಲವು ವರ್ಷ ನಾನು ತುಮಕೂರು ಜಿಲ್ಲೆಯ ಒಂದು ಕ್ಲಸ್ಟರ್‌ನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪು) ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಆಗಿದ್ದೆ. ಅದಕ್ಕೂ ಮೊದಲು ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಸಿಆರ್‌ಪಿ ಕೆಲಸ ಅಂದರೆ ಬೈಕಿನಲ್ಲಿ ಶಾಲೆಯಿಂದ ಶಾಲೆಗೆ ಹೋಗಬೇಕು, ತರಗತಿಯಲ್ಲಿ ಕೂರಬೇಕು, ಮೇಷ್ಟ್ರಿಗೋ ಮೇಡಂಗೋ ಎಲ್ಲಿ ತೊಡಕಾಗುತ್ತಿದೆ ನೋಡಿ ಕೈಜೋಡಿಸಬೇಕು. ಮಾಹಿತಿ ಕಳಿಸುವ ಕೆಲಸವೂ ಇರುತ್ತದೆ, ಜಾಸ್ತಿಯೇ ಇರುತ್ತದೆ. ಅದು ಬೇರೆ ಕಥೆ. ಈಗ ಹೇಳುವುದು ಕಲಿಕಾ ಫಲಗಳ ವಿಷಯ.

2017ರಲ್ಲಿ ಎನ್‌ಸಿಇಆರ್‌ಟಿ (ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ) 1ರಿಂದ 8ನೇ ತರಗತಿವರೆಗೆ ಯಾವ ತರಗತಿಯ ಮಗುವಿಗೆ ಯಾವ ವಿಷಯದಲ್ಲಿ ಏನೇನು ಬರಬೇಕು ಅನ್ನುವ ಪಟ್ಟಿ ಹೊರತಂದಿತು. ಅವೇ ಕಲಿಕಾ ಫಲಗಳು. ಅದೇ ವರ್ಷ ಆರ್‌ಟಿಇ (ಶಿಕ್ಷಣ ಹಕ್ಕು) ನಿಯಮಗಳಿಗೂ ತಿದ್ದುಪಡಿಯಾಗಿ ಕಲಿಕಾ ಫಲಗಳು ಅದರೊಳಗೆ ಸೇರಿದವು. ನವೆಂಬರ್ 13ಕ್ಕೆ 3, 5 ಮತ್ತು 8ನೇ ತರಗತಿ ಮಕ್ಕಳಿಗೆ ರಾಷ್ಟ್ರೀಯ ಸಾಧನಾ ಸಮೀಕ್ಷೆ ನಡೆಯಿತು. ಪ್ರಶ್ನೆಗಳೂ ಇದೇ ಫಲಗಳ ಮೇಲೆ. ಅಲ್ಲಿಯವರೆಗೆ ನಾವು ಕೇಳುತ್ತಿದ್ದದ್ದು "ಪಾಠ ಎಲ್ಲಿಗೆ ಬಂತು?" ಅಂತ. ಇನ್ನು ಮುಂದೆ ಕೇಳಬೇಕಾದ್ದು "ಮಗುವಿಗೆ ಏನು ಬಂತು?" ಅಂತ.

ಆ ತಿಂಗಳ ಸಮಾಲೋಚನಾ ಸಭೆಯಲ್ಲಿ ಎರಡು ಗಂಟೆ ಕಾಲ ಪಟ್ಟಿ ಓದಿ ವಿವರಿಸಿದೆ. ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಹಿರಿಯ ಮೇಷ್ಟ್ರು ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಎಂಎಲ್‌ಎಲ್ ಬಂದಾಗ ಸಾಮರ್ಥ್ಯದ ಪಟ್ಟಿ ಬರೆದ್ವಿ. ನಲಿ-ಕಲಿ ಬಂದಾಗ ಕಾರ್ಡ್ ಜೋಡಿಸಿದ್ವಿ. ಸಿಸಿಇ ಬಂದಾಗ ನಮೂನೆ ತುಂಬಿದ್ವಿ. ಇದಕ್ಕೆ ಎಲ್ಲಿ ಏನು ಬರೀಬೇಕು ಹೇಳಿಬಿಡಿ ಸರ್, ಬರೀತೀವಿ."

ಎಂಎಲ್‌ಎಲ್ ಅಂದರೆ ಕನಿಷ್ಠ ಕಲಿಕಾ ಮಟ್ಟ, ನಲಿ-ಕಲಿ ಅಂದರೆ ಚಿಕ್ಕ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡ್ ಹಿಡಿದು ಕಲಿಯುವ ಪದ್ಧತಿ, ಸಿಸಿಇ ಅಂದರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ, ದಣಿವಿತ್ತು. ನಾನು ಅದನ್ನು ಅರ್ಥಮಾಡಿಕೊಳ್ಳದೆ ಪಾಠ ಯೋಜನೆಯ ಯಾವ ಕಾಲಂನಲ್ಲಿ ಬರೆಯಬೇಕು ಅಂತ ತೋರಿಸಿಕೊಟ್ಟೆ. ತಪ್ಪು ಅಲ್ಲೇ ಆಯಿತು. ಮುಂದಿನ ಭೇಟಿಗಳಲ್ಲಿ ಎಲ್ಲರ ಪುಸ್ತಕದಲ್ಲೂ ಕೆಂಪು ಶಾಯಿಯಲ್ಲಿ ಕಲಿಕಾ ಫಲಗಳು ಚೆನ್ನಾಗಿ ಬರೆದಿದ್ದವು. ಗೋಡೆ ಮೇಲೆ ಪಟ್ಟಿಯೂ ಇತ್ತು. ಪಾಠ ಮಾತ್ರ ಹಿಂದಿನ ಹಾಗೇ ನಡೆಯುತ್ತಿತ್ತು.

ದಾರಿ ತೋರಿಸಿದ್ದು ನಾಲ್ಕನೇ ತರಗತಿಯ ಒಬ್ಬ ಹುಡುಗ.

ಆ ದಿನ ಭಿನ್ನರಾಶಿ ಪಾಠ. ಮೇಡಂ ಕಾಗದ ಮಡಚಿಸಿ ಅರ್ಧ, ಕಾಲು, ಮುಕ್ಕಾಲು ಮಾಡಿಸಿದ್ದರು. ಮಕ್ಕಳು ಬಣ್ಣ ತುಂಬಿದ್ದರು. ಒಬ್ಬರದ್ದೂ ತಪ್ಪಿರಲಿಲ್ಲ. ಆದರೆ ನಾಲ್ಕನೇ ತರಗತಿಯ ಆ ಕಲಿಕಾ ಫಲದಲ್ಲಿ ಎರಡು ತುಂಡಿದೆ. ಚಿತ್ರದಲ್ಲಿ, ಕಾಗದ ಮಡಚಿ, ಅರ್ಧ, ಕಾಲು, ಮುಕ್ಕಾಲು ಗುರುತಿಸಬೇಕು ಅನ್ನುವುದು ಮೊದಲನೆಯದು. ವಸ್ತುಗಳ ಗುಂಪಿನಲ್ಲೂ ಗುರುತಿಸಬೇಕು ಅನ್ನುವುದು ಎರಡನೆಯದು. ಆ ಎರಡನೆಯ ತುಂಡು ಮೇಡಂ ಪುಸ್ತಕದಲ್ಲೂ ಇತ್ತು, ಗೋಡೆ ಮೇಲೂ ಇತ್ತು.

ಶಾಲೆ ಅಂಗಳದಲ್ಲಿ ದೊಡ್ಡ ಹುಣಸೆ ಮರ. ಹನ್ನೆರಡು ಬೀಜ ಆರಿಸಿ ತಂದು ಆ ಹುಡುಗನ ಮುಂದೆ ಹರಡಿದೆ. "ಇದರಲ್ಲಿ ನಾಲ್ಕನೇ ಒಂದು ಭಾಗ ಕೊಡಪ್ಪ" ಅಂದೆ. ಅವನು ತಡಮಾಡದೆ ನಾಲ್ಕು ಬೀಜ ಎತ್ತಿ ನನ್ನ ಅಂಗೈಗೆ ಹಾಕಿದ. ಪಕ್ಕದ ಹುಡುಗಿಯನ್ನು ಕೇಳಿದೆ. ಅವಳೂ ನಾಲ್ಕು. ಇಪ್ಪತ್ತೆರಡು ಮಕ್ಕಳಲ್ಲಿ ಮೂರು ಬೀಜ ಕೊಟ್ಟವರು ಇಬ್ಬರೇ.

ಮೇಡಂ ಮುಖ ಬಾಡಿತು. "ಎಲ್ಲರೂ ಬಣ್ಣ ಸರಿಯಾಗಿ ತುಂಬಿದ್ರಲ್ಲ ಸರ್" ಅಂದರು. ಹೌದು, ತುಂಬಿದ್ದರು. ಮೇಡಂ ಕಲಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ನಾಲ್ಕನೇ ಒಂದು" ಅಂದಾಗ ಮಕ್ಕಳ ಕಿವಿಗೆ ಬಿದ್ದದ್ದು "ನಾಲ್ಕು", ಅದಕ್ಕೇ ನಾಲ್ಕು ಕೊಟ್ಟಿದ್ದರು. ಅಷ್ಟೇ.

ಊಟದ ಬಿಡುವಿನಲ್ಲಿ ಇಬ್ಬರೂ ಇದನ್ನೇ ಮಾತಾಡಿದೆವು. ಮಧ್ಯಾಹ್ನ ಮೇಡಂ ಅದೇ ಹುಡುಗನನ್ನು ಕರೆದು ಬೇರೆ ಥರ ಕೇಳಿದರು.

"ಒಂದು ಡಜನ್ ಬಾಳೆಹಣ್ಣು ಅಂದ್ರೆ ಎಷ್ಟೋ?"

"ಹನ್ನೆರಡು ಮಿಸ್."

"ಅರ್ಧ ಡಜನ್?"

"ಆರು."

"ಕಾಲು ಡಜನ್?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಬೀಜಗಳನ್ನು ಆರು-ಆರು ಮಾಡಿ ಇಟ್ಟ. ಒಂದು ಗುಂಪನ್ನು ಮತ್ತೆ ಒಡೆದ. "ಮೂರು! ಅರ್ಧದಲ್ಲಿ ಅರ್ಧ ಮಿಸ್!"

ನನಗೆ ಆ ಕ್ಷಣ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಅಂಗಡಿಗೆ ಹೋಗಿ ಕಾಲು ಕೆಜಿ ಸಕ್ಕರೆ ತರುವ ಹುಡುಗ. ಕಾಲು ಅನ್ನುವುದು ಅವನಿಗೆ ಮೊದಲೇ ಗೊತ್ತು. ನಮ್ಮ ಭಾಷೆಯಲ್ಲಿ ಮುಕ್ಕಾಲು ಅಂದರೇನೇ ಮೂರು ಕಾಲು ಅಲ್ವಾ? ಮೂರು ಬೀಜದ ಮೂರು ಗುಂಪು ಎತ್ತಿದರೆ ಹನ್ನೆರಡರಲ್ಲಿ ಮುಕ್ಕಾಲು ಭಾಗ, ಒಂಬತ್ತು. ಇಷ್ಟು ಸಲೀಸಾದ ದಾರಿ ಬಾಯಲ್ಲೇ ಇದ್ದರೂ ನಾವು ಅದನ್ನು ಪಾಠದ ಹೊರಗೆ ಬಿಟ್ಟಿದ್ದೆವು.

ಮುಂದಿನ ಸಭೆಗೆ ನಾನು ಪಟ್ಟಿ ಒಯ್ಯಲಿಲ್ಲ. ಒಂದು ಚೀಲ ಹುಣಸೆ ಬೀಜ ಒಯ್ದೆ. ನಾನು ಮಾತಾಡುವ ಬದಲು ಆ ಮೇಡಂ ಅವರೇ ನಡೆದದ್ದನ್ನು ಹೇಳಿದರು. ಶಿಕ್ಷಕರೆಲ್ಲ ನೆಲದ ಮೇಲೆ ಕೂತು ಬೀಜ ಹಂಚಿಕೊಂಡರು. ಒಂದೇ ಒಂದು ಕಲಿಕಾ ಫಲ ತೆಗೆದುಕೊಂಡು ಮೂರು ಪ್ರಶ್ನೆ ಇಟ್ಟುಕೊಂಡೆವು. ಇದು ಬಂದಿರುವ ಮಗು ನಮ್ಮ ಕಣ್ಣೆದುರು ಏನು ಮಾಡಿ ತೋರಿಸುತ್ತದೆ? ಎಲ್ಲಿ ಎಡವುತ್ತದೆ? ಈ ಮಾತನ್ನು ನಮ್ಮೂರ ಮಗುವಿಗೆ ಹೇಗೆ ಕೇಳಬೇಕು? ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ಮಾತಿನಲ್ಲೇ ಬರೆದುಕೊಂಡರು. ಪಟ್ಟಿಯಿಂದ ಒಂದು ಸಾಲೂ ನಕಲು ಮಾಡಬಾರದು ಅಂತ ಮೊದಲೇ ಒಪ್ಪಿಕೊಂಡಿದ್ದೆವು.

ಆಗ ಎದ್ದ ಮುಖ್ಯವಾದ ಪ್ರಶ್ನೆ ಇಬ್ಬರೇ ಶಿಕ್ಷಕರಿರುವ ಶಾಲೆಗಳದ್ದು. ಅಲ್ಲಿ ಒಬ್ಬರು ನಲಿ-ಕಲಿಯ 1ರಿಂದ 3 ನೋಡಿಕೊಂಡರೆ ಇನ್ನೊಬ್ಬರಿಗೆ 4 ಮತ್ತು 5 ಒಟ್ಟಿಗೆ. "ಎರಡು ತರಗತಿ, ಎಲ್ಲ ವಿಷಯ, ಅಷ್ಟೂ ಫಲಗಳು, ಒಬ್ಬನೇ ಮೇಷ್ಟ್ರು. ಎಲ್ಲಿಂದ ಆಗುತ್ತೆ ಸರ್?" ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅವತ್ತು 4 ಮತ್ತು 5ನೇ ತರಗತಿಯ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. ಐದರಲ್ಲಿ ಗುಂಪಿನ ಭಾಗಕ್ಕೆ ಸರಿಹೊಂದುವ ಸಂಖ್ಯೆ ಹೇಳುವುದಿದೆ, ಸಮಾನ ಭಿನ್ನರಾಶಿ ಗುರುತಿಸುವುದಿದೆ. ಅದಕ್ಕೂ ಅದೇ ಹನ್ನೆರಡು ಬೀಜ ಸಾಕು. ನಾಲ್ಕರ ಮಗು ಕಾಲು ಭಾಗಕ್ಕೆ ಮೂರು ಬೀಜ ಎತ್ತುತ್ತದೆ. ಐದರ ಮಗು ಅದೇ ಮೂರನ್ನು ನೋಡಿ ಹನ್ನೆರಡನೇ ಮೂರು ಅಂದರೂ ಕಾಲು ಅಂದರೂ ಒಂದೇ ಅಂತ ಬರೆಯುತ್ತದೆ. ಒಂದೇ ಚಟುವಟಿಕೆ, ಎರಡು ತರಗತಿ. ಎಲ್ಲ ಪಾಠಕ್ಕೂ ಹೀಗೆ ಕೂಡಿಬರುವುದಿಲ್ಲ ನಿಜ. ಇಬ್ಬರು ಶಿಕ್ಷಕರು ಸಾಲುವುದಿಲ್ಲ ಅನ್ನುವುದೂ ನಿಜ, ಅದನ್ನು ಬೀಜದಿಂದ ಮುಚ್ಚಿಡಲು ಆಗುವುದಿಲ್ಲ.

ಆ ಹಿರಿಯ ಮೇಷ್ಟ್ರು ಕೊನೆಗೆ ಒಂದು ಮಾತು ಸೇರಿಸಿದರು. "ಮಂಚಕ್ಕೆ ಎಷ್ಟು ಕಾಲು? ನಾಲ್ಕು. ಅದರಲ್ಲಿ ಒಂದು, ಕಾಲು ಭಾಗ. ಮಕ್ಕಳು ಮರೆಯೋದೇ ಇಲ್ಲ ನೋಡಿ. ಮೂವತ್ತು ವರ್ಷದಿಂದ ಹೀಗೇ ಹೇಳಿಕೊಡ್ತಿದೀನಿ." ಎಲ್ಲರೂ ಬರೆದುಕೊಂಡರು. ಮೊದಲ ಸಭೆಯಲ್ಲಿ ನಾನು ಅವರನ್ನು ಏನೂ ಕೇಳಿರಲಿಲ್ಲ.

ಅಲ್ಲಿಂದ ಭೇಟಿಯ ರೀತಿ ಬದಲಾಯಿಸಿಕೊಂಡೆ. ಹೋದ ಕಡೆ ಒಂದು ಪೀರಿಯಡ್ ನಾನೇ ಪಾಠ ಮಾಡುತ್ತಿದ್ದೆ, ಶಿಕ್ಷಕರು ಹಿಂದೆ ಕೂತು ಮಕ್ಕಳನ್ನು ಗಮನಿಸುತ್ತಿದ್ದರು. ಆಮೇಲೆ ಅದಲು ಬದಲು. ಪಾಠ ಯೋಜನೆಗಿಂತ ಮೊದಲು ಮಕ್ಕಳ ನೋಟ್‌ಬುಕ್ ನೋಡುತ್ತಿದ್ದೆವು. ಎಫ್‌ಎ, ಅಂದರೆ ವರ್ಷದ ನಡುವೆ ನಡೆಸುವ ಕಿರುಪರೀಕ್ಷೆಗಳ ಪ್ರಶ್ನೆಗಳನ್ನೂ ಕೂತು ತಿದ್ದಿದೆವು. ಕಲಿಸುವ ರೀತಿ ಬದಲಾಗಿ ಪರೀಕ್ಷೆಯಲ್ಲಿ ಮಾತ್ರ "ಬಣ್ಣ ತುಂಬಿರಿ" ಅಂತಲೇ ಉಳಿದರೆ ತಿರುಗಿ ಅಲ್ಲಿಗೇ ಹೋಗುತ್ತೇವೆ. "ಇಪ್ಪತ್ತು ತೆಂಗಿನಕಾಯಿಯಲ್ಲಿ ಮುಕ್ಕಾಲು ಭಾಗ ಮಾರಿದರೆ ಮನೆಗೆ ಉಳಿದದ್ದೆಷ್ಟು?" ಅನ್ನುವಂಥ ಪ್ರಶ್ನೆ ಬಂತು.

ಕೋವಿಡ್ ಆದಮೇಲೆ 2022-23ರಲ್ಲಿ, ತಪ್ಪಿಹೋದ ಕಲಿಕೆಯನ್ನು ತುಂಬಿಕೊಡಲು, ಕಲಿಕಾ ಚೇತರಿಕೆ ಕಾರ್ಯಕ್ರಮ ಶುರುವಾಯಿತು. ಮೇ 16ಕ್ಕೇ ಶಾಲೆ ತೆರೆಯಿತು. ಕಲಿಕಾ ಹಾಳೆಗಳು ಬಂದವು. ಹಾಳೆ ತುಂಬಿಸಿ ಮುಗಿಸುವ ಅವಸರ ಮತ್ತೆ ಕಾಣಿಸಿತು. ಎರಡು ವರ್ಷ ಸರಿಯಾಗಿ ಶಾಲೆ ಕಾಣದ ಮಕ್ಕಳು, ಅವಸರ ಆಗದೇ ಇರುತ್ತದೆಯೇ? ಆಗಲೂ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದೇ ಮೂರು ಪ್ರಶ್ನೆ.

ಆ ವರ್ಷದ ಕೊನೆಗೆ ಹುಣಸೆ ಮರದ ಶಾಲೆಗೆ ಹೋಗಿದ್ದೆ. ಮೇಡಂ ಪಾಠ ಯೋಜನೆ ಪುಸ್ತಕ ಕೊಟ್ಟರು. ಕೆಂಪು ಶಾಯಿ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲ್‌ನಿಂದ ಮೂರು ಮಕ್ಕಳ ಹೆಸರು ಬರೆದಿದ್ದರು. "ಇವರಿಗೆ ಕಾಲು ಬಂದಿದೆ ಸರ್, ಮುಕ್ಕಾಲು ಇನ್ನೂ ಬಂದಿಲ್ಲ. ನಾಳೆ ಬೆಳಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಬೀಜ ಕೊಟ್ಟು ಕೂರಿಸ್ತೀನಿ" ಅಂದರು.