‘ಸಂಘ ರಿಜಿಸ್ಟರ್ ಮಾಡಿಸೋದು ಹೆಂಗ್ರಿ?’

ಸಿಂಧನೂರು, ಮಸ್ಕಿ, ಕುಷ್ಟಗಿ, ಸಂಡೂರು. ಫೋನ್ ಬರುವ ಊರು ಬೇರೆ ಬೇರೆ, ಪ್ರಶ್ನೆ ಒಂದೇ. “ಸರ್, ನಾವು ಹದಿನೈದು ಮಂದಿ ಸೇರೀವ್ರಿ. ಊರಾಗಿನ ರಾಜಕೀಯ ಸುಧಾರಿಸಬೇಕಂತ ಐತಿ. ಸಂಘ ರಿಜಿಸ್ಟರ್ ಮಾಡಿಸೋದು ಹೆಂಗ್ರಿ?” ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲು ಕೇಳಿದ್ದಕ್ಕೆ ಉತ್ತರ. ಇದರ ನಿಯಮ ‘ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960’ರಲ್ಲಿದೆ. ಕನಿಷ್ಠ ಏಳು ಮಂದಿ ಬೇಕು, ಬೈಲಾ (ಸಂಘದ ನಿಯಮಾವಳಿ) ಬೇಕು, ವಿಳಾಸಕ್ಕೆ ದಾಖಲೆ ಬೇಕು. ಜಿಲ್ಲಾ ಕೇಂದ್ರದಲ್ಲಿ ಸಹಕಾರ ಇಲಾಖೆಯ ಕಚೇರಿಗೆ ಹೋದರೆ ಆಗುತ್ತದೆ. ಆದ ಮೇಲೆ ಪ್ರತಿ ವರ್ಷ ಸರ್ವ ಸದಸ್ಯರ ಸಭೆ ಮಾಡಿ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ಕೊಡುತ್ತಿರಬೇಕು. ಇಷ್ಟೇ. ಆದರೆ ಮೊದಲ ವರ್ಷ ದಯವಿಟ್ಟು ಇದರ ಗೊಡವೆಗೆ ಹೋಗಬೇಡಿ.

ಯಾಕೆಂದರೆ ನಿಮ್ಮ ಕೈಯಲ್ಲಿರುವ ದೊಡ್ಡ ಹತಾರ ಎರಡು. ಒಂದು ಮಾಹಿತಿ ಹಕ್ಕು, ಇನ್ನೊಂದು ಗ್ರಾಮಸಭೆ. 2005ರ ಮಾಹಿತಿ ಹಕ್ಕು ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕನಿಗೆ, ಸಂಘಕ್ಕಲ್ಲ. ಲೆಟರ್‌ಹೆಡ್ ಮೇಲೆ ‘ಅಧ್ಯಕ್ಷರು’ ಎಂದು ಮಾತ್ರ ಸಹಿ ಹಾಕಿ ಅರ್ಜಿ ಕೊಟ್ಟರೆ ಅದೇ ನೆಪದಲ್ಲಿ ತಿರಸ್ಕರಿಸಬಹುದು. ಬಿಳಿ ಹಾಳೆಯ ಮೇಲೆ ನಿಮ್ಮ ಹೆಸರು, ವಿಳಾಸ ಬರೆದು ಕೊಟ್ಟರೆ ಆ ನೆಪವಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲು ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಹೀಗಿರುವಾಗ ಸೀಲು, ಲೆಟರ್‌ಹೆಡ್, ಬೋರ್ಡು, ಗೌರವಾಧ್ಯಕ್ಷರು ಅಂತ ಮೂರು ತಿಂಗಳು ಯಾಕೆ ಕಳೆಯಬೇಕು? ಅಧ್ಯಕ್ಷ ಯಾರಾಗಬೇಕು ಎಂಬ ಜಗಳದಲ್ಲೇ ಅರ್ಧ ಮಂದಿ ಎದ್ದು ಹೋಗುತ್ತಾರೆ. ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ಬೇಕಾದಾಗ, ಹೊರಗಿನ ದುಡ್ಡು ಬರುವಾಗ ರಿಜಿಸ್ಟರ್ ಮಾಡಿಸಿ. ಅಲ್ಲಿಯವರೆಗೆ ತಿಂಗಳಿಗೆ ತಲೆಗೆ ಇಪ್ಪತ್ತು ರೂಪಾಯಿ, ಒಂದು 200 ಪುಟದ ನೋಟ್‌ಬುಕ್ಕು. ಹದಿನೈದು ಮಂದಿಯಿಂದ 300 ರೂಪಾಯಿ ಬರುತ್ತದೆ. ಅರ್ಜಿ ಶುಲ್ಕ, ಜೆರಾಕ್ಸ್, ಅಂಚೆ ಎಲ್ಲ ಅದರಲ್ಲೇ ಸಾಗುತ್ತದೆ. ಪ್ರತಿ ಸಭೆಯ ಮೊದಲ ಕೆಲಸ ಖರ್ಚು ಓದಿ ಹೇಳುವುದು.

ಸಂಘ ಯಾವ ಹೆಸರಿನದು ಎಂದು ಕೇಳುವ ಬದಲು, ನಮಗೆ ಬೇಕಾದ ಕೆಲಸ ಯಾರ ಸಹಿಯಿಂದ ಆಗುತ್ತದೆ ಎಂದು ಕೇಳಿಕೊಳ್ಳಿ. ‘ಭ್ರಷ್ಟಾಚಾರ ನಿಲ್ಲಲಿ’ ಎನ್ನುವುದಕ್ಕೆ ಸಹಿ ಹಾಕುವ ಅಧಿಕಾರಿ ಯಾವ ಕಚೇರಿಯಲ್ಲೂ ಇಲ್ಲ. ‘3ನೇ ವಾರ್ಡಿನ ಸಿ.ಸಿ. (ಕಾಂಕ್ರೀಟ್) ರಸ್ತೆಯ ಬಿಲ್ಲು ಅಳತೆ ಆಗುವವರೆಗೆ ತಡೆಹಿಡಿಯಿರಿ’ ಎಂಬುದಕ್ಕೆ ಇದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರುಗಳನ್ನೇ ನೋಡಿ. ಮೇಲ್ಭಾಗದಲ್ಲಿ ಅಕ್ರಮವಾಗಿ ನೀರು ಎತ್ತುತ್ತಾರೆ, ಮಿತ ನೀರಾವರಿ, ಅಂದರೆ ಕಡಿಮೆ ನೀರಿನ ಬೆಳೆ ಇರಬೇಕಾದಲ್ಲಿ ಭತ್ತ ನಿಂತಿದೆ. ‘ನೀರು ಬಿಡಿ’ ಎಂದು ತಹಶೀಲ್ದಾರರಿಗೆ ಮನವಿ ಕೊಟ್ಟು ಬಂದರೆ ಏನೂ ಆಗದು, ಆ ಸಹಿ ಅವರದಲ್ಲ. ನೀರು ಯಾವಾಗ, ಎಷ್ಟು ದಿನ ಎಂಬುದು ನೀರಾವರಿ ಸಲಹಾ ಸಮಿತಿಯ ತೀರ್ಮಾನ. ಅದರಲ್ಲಿ ನಿಮ್ಮ ಶಾಸಕರೂ ಕೂತಿರುತ್ತಾರೆ. ಜಾರಿ ಮಾಡುವುದು ಜಲಸಂಪನ್ಮೂಲ ಇಲಾಖೆಯ ಕಾರ್ಯನಿರ್ವಾಹಕ ಎಂಜಿನಿಯರ್. ಒಂದು ಹಂಗಾಮಿನ ದಿನವಹಿ ಗೇಜ್ ರೀಡಿಂಗ್ (ಕಾಲುವೆಯ ನೀರಿನ ಮಟ್ಟದ ಲೆಕ್ಕ) ನಕಲು ತೆಗೆಸಿ, ಸಮಿತಿಯ ತೀರ್ಮಾನದ ಪಕ್ಕದಲ್ಲಿಟ್ಟು ಶಾಸಕರ ಮುಂದೆ ಹಿಡಿಯಿರಿ. ಮಾತು ಬೇರೆಯೇ ಆಗುತ್ತದೆ.

ಬಳ್ಳಾರಿಯ ಗಣಿಗಾರಿಕೆ ನಿಂತದ್ದೂ ಕಾಗದದಿಂದಲೇ. ಸಮಾಜ ಪರಿವರ್ತನ ಸಮುದಾಯ ಎಂಬ ಸ್ವಯಂಸೇವಾ ಸಂಸ್ಥೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಗುತ್ತಿಗೆ ಪ್ರದೇಶಗಳ ಗಡಿ ಅಳತೆಯಾಯಿತು, ಕೋರ್ಟು ನೇಮಿಸಿದ್ದ ಕೇಂದ್ರ ಉನ್ನತಾಧಿಕಾರ ಸಮಿತಿ ವರದಿ ಕೊಟ್ಟಿತು, 2011ರ ಜುಲೈ 29ರಂದು ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಲು ಆದೇಶ ಬಂತು. ಊರಿನ ರಸ್ತೆಗೂ ಅದೇ ದಾರಿ: ಅಳತೆ ಮಾಡು, ದಾಖಲೆಯ ಜೊತೆ ಹೋಲಿಸು, ಸಹಿ ಹಾಕಬೇಕಾದವನ ಮುಂದಿಡು.

ಆ ರಸ್ತೆಯನ್ನೇ ಹಿಡಿಯೋಣ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ‘ಕಳಪೆ ಕಾಮಗಾರಿ ಯಾಕೆ ಮಾಡಿದಿರಿ’ ಎಂದು ಬರೆಯಬೇಡಿ. ‘ಯಾಕೆ’ ಎಂಬುದು ಮಾಹಿತಿ ಅಲ್ಲ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ‘ಈ ಕಾಮಗಾರಿಯ ಅಂದಾಜು ಪತ್ರಿಕೆ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿಯಾದ ಬಿಲ್ಲುಗಳ ದೃಢೀಕೃತ ನಕಲು ಕೊಡಿ’ ಎಂದು ಬರೆಯಿರಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ರಸ್ತೆ, ಚರಂಡಿ, ಬೀದಿದೀಪ ಮೂರನ್ನೂ ಒಂದರಲ್ಲೇ ತುರುಕಿದರೆ ಮರಳಿ ಬರುತ್ತದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ನಕಲು ಲಗತ್ತಿಸಿದರೆ ಅದೂ ಇಲ್ಲ. ನಕಲಿಗೆ ಪುಟಕ್ಕೆ 2 ರೂಪಾಯಿ. 30 ದಿನ ಕಾಯಿರಿ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಪಂಚಾಯಿತಿಯದಾದರೆ ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಬಹಳ ಮಂದಿ 30ನೇ ದಿನ ಮರೆತುಬಿಡುತ್ತಾರೆ, ಅರ್ಜಿ ಸಾಯುವುದು ಅಲ್ಲೇ. ಅರ್ಜಿ ಕೊಟ್ಟ ದಿನವೇ ಮೂರು ತಾರೀಖು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಕೊಟ್ಟ ದಿನ, 30ನೇ ದಿನ, 60ನೇ ದಿನ.

ಅಂದಾಜಿನಲ್ಲಿ ಉದ್ದ 100 ಮೀಟರ್, ಅಗಲ 3.5 ಮೀಟರ್, ದಪ್ಪ 15 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಕಾಂಕ್ರೀಟು 52.5 ಘನ ಮೀಟರ್ ಆಯಿತು. ದಪ್ಪ 10 ಸೆಂಟಿಮೀಟರ್ ಮಾತ್ರ ಇದ್ದರೆ 35 ಘನ ಮೀಟರ್. ಉಳಿದ 17.5 ಘನ ಮೀಟರ್ ಎಂದರೆ ಆರು ಬ್ರಾಸಿಗೂ (ಒಂದು ಬ್ರಾಸ್ 100 ಘನ ಅಡಿ) ಹೆಚ್ಚು. ಅಷ್ಟರ ಬಿಲ್ಲು ಎತ್ತಿದ್ದಾರೆ, ಆ ಮಾಲು ರಸ್ತೆಯಲ್ಲಿಲ್ಲ. ಅಗಲವನ್ನು ಐದು ಕಡೆ ಅಳೆಯಿರಿ. ಆದರೆ ಅಂಚಿನ ದಪ್ಪ ನೋಡಿ ತೀರ್ಮಾನಕ್ಕೆ ಬರಬೇಡಿ. ಅಂಚಿಗೆ 15 ಸೆಂಟಿಮೀಟರಿನ ಹಲಗೆ ನಿಲ್ಲಿಸಿ, ನಡುವೆ ಮರಂ (ಗರಸು ಮಣ್ಣು) ಉಬ್ಬಿಸಿ, ಮೇಲೆ ತೆಳ್ಳಗೆ ಎಳೆದುಬಿಡುವುದು ಹಳೇ ಚಾಳಿ. ಹಾಕಿದ ಮೇಲೆ ಅದು ಗೊತ್ತಾಗುವುದು ಕೋರ್ ತೆಗೆಸಿದಾಗ, ಅಂದರೆ ರಸ್ತೆ ಕೊರೆದು ತುಂಡು ತೆಗೆಸಿದಾಗ ಮಾತ್ರ. ಅದಕ್ಕೇ ಹೇಳುವುದು, ಅಂದಾಜು ಪತ್ರಿಕೆಯನ್ನು ಕೆಲಸ ಶುರುವಾಗುವ ಮೊದಲೇ ತೆಗೆಸಿ, ಕಾಂಕ್ರೀಟ್ ಸುರಿಯುವ ದಿನ ಟೇಪು ಹಿಡಿದು ಅಲ್ಲಿ ನಿಲ್ಲಿ. ಒಂದು ವರ್ಷ ತಡವಾಗಿ ಹೋರಾಡುವುದಕ್ಕಿಂತ ಒಂದು ಮುಂಜಾನೆ ನಿಲ್ಲುವುದು ಲೇಸು.

ಅರ್ಜಿಗಳೆಲ್ಲ ಒಬ್ಬನ ಹೆಸರಲ್ಲೇ ಹೋಗಬಾರದು. ಇದನ್ನು ಹಗುರಾಗಿ ತಗೋಬೇಡಿ. ಒಬ್ಬನೇ ಅರ್ಜಿದಾರನಾದರೆ ಗುತ್ತಿಗೆದಾರನ ಕಣ್ಣು ಅವನ ಮೇಲೇ ಬೀಳುತ್ತದೆ. ಐದು ಕಾಮಗಾರಿಗೆ ಐದು ಮಂದಿ, ಒಂದೇ ದಿನ, ಒಟ್ಟಿಗೆ ಹೋಗಿ ಕೊಡಿ.

ಇನ್ನು ಮನವಿ ಪತ್ರ. ಜಿಲ್ಲಾಧಿಕಾರಿಗೆ ಕೊಟ್ಟು, ಫೋಟೊ ತೆಗೆಸಿ, ಮರುದಿನ ಪೇಪರಿನಲ್ಲಿ ಬಂದರೆ ಕೆಲಸ ಆಯಿತು ಎಂದುಕೊಳ್ಳುವವರಿದ್ದಾರೆ. ಆ ಪತ್ರದ ಮುಂದಿನ ಪ್ರಯಾಣ ಕೇಳಿ. ‘ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಿ’ ಎಂದು ಬರೆಸಿಕೊಂಡು ಜಿಲ್ಲಾ ಪಂಚಾಯಿತಿಗೆ, ಅಲ್ಲಿಂದ ತಾಲ್ಲೂಕು ಪಂಚಾಯಿತಿಗೆ, ಕೊನೆಗೆ ನೀವು ಯಾರ ಮೇಲೆ ದೂರು ಕೊಟ್ಟಿದ್ದೀರೋ ಅದೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಜಿಗೆ. ಟಪಾಲು ವಿಭಾಗದಲ್ಲಿ ಆವಕ ಸಂಖ್ಯೆ, ಸೀಲು, ತಾರೀಖು ಇರುವ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ಹದಿನೈದು ದಿನಕ್ಕೊಮ್ಮೆ ಇಬ್ಬರು ಹೋಗಿ ಅದು ಯಾವ ಪತ್ರ ಸಂಖ್ಯೆಯಲ್ಲಿ ಎಲ್ಲಿಗೆ ಹೋಯಿತು ಎಂದು ಬರೆದುಕೊಂಡು ಬನ್ನಿ. ಬಾಯಿಮಾತಿನ ಭರವಸೆ ಬೇಡ, ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಆಗಲೇಬೇಕು, ಅದಕ್ಕೂ ಮುಂಚೆ ವಾರ್ಡ್ ಸಭೆ. ಬೇಡಿಕೆ ವಾರ್ಡ್ ಸಭೆಯಲ್ಲೇ ಬರೆಸಿ. ಸಭೆ ಮುಗಿಯುವ ಮೊದಲು ನಡಾವಳಿ ಪುಸ್ತಕ ಓದಿಸಿ, ನಿಮ್ಮ ನಿರ್ಣಯದ ಕೆಳಗೇ ಸಹಿ ಹಾಕಿ, ಪುಟದ ಫೋಟೊ ತೆಗೆದುಕೊಳ್ಳಿ. ಖಾಲಿ ಪುಟಕ್ಕೆ ಸಹಿ ಕೇಳಿದರೆ ಕೊಡಬೇಡಿ. ಆಮೇಲೆ ಮನೆ ಮನೆಗೆ ಪುಸ್ತಕ ಬಂದರೆ ವಾಪಸ್ ಕಳಿಸಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ: ಎರಡನೇ ಸಭೆಗೆ ಮಂದಿ ಯಾಕೆ ಬರಲಿಲ್ಲ? ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇನ್ನೂರು ಜನ, ಸಭೆಗೆ ಹನ್ನೊಂದು. ಇದಕ್ಕೆ ಜನರಲ್ಲಿ ಜಾಗೃತಿ ಇಲ್ಲ ಎಂದು ದೂರಬೇಡಿ, ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಭೆ ಎಲ್ಲಿ ಇಟ್ಟಿರಿ? ಹನುಮಪ್ಪನ ಗುಡಿ ಕಟ್ಟೆ ಮೇಲೆ. ದಲಿತರ ಕೇರಿಯ ಮಂದಿ ಅಲ್ಲಿ ಬಂದು ನಿಮ್ಮ ಸಮಕ್ಕೆ ಕೂಡುತ್ತಾರಾ? ಬಂದರೂ ಕೆಳಗೆ ನಿಲ್ಲುತ್ತಾರೆ, ಮುಂದಿನ ಸಲ ಬರುವುದಿಲ್ಲ. ಶಾಲೆ ಅಂಗಳದಲ್ಲಿ ಮಾಡಿ, ಒಂದು ತಿಂಗಳು ಕೇರಿಯಲ್ಲೇ ಮಾಡಿ, ಅಲ್ಲಿ ಚಾಪೆ ಮೇಲೆ ನೀವು ಹೋಗಿ ಕೂಡಿ. ಯಾವ ಹೊತ್ತಿಗೆ ಇಟ್ಟಿರಿ? ಮುಂಜಾನೆ ಹನ್ನೊಂದಕ್ಕೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಣ್ಣುಮಕ್ಕಳು ಒಂದು ದಿನದ ಕೂಲಿ ಬಿಟ್ಟು ಬರಬೇಕಾ? ಅಮಾಸೆ ದಿನ ಇಡಿ. ಅವತ್ತು ಎತ್ತು ಹೂಡುವುದಿಲ್ಲ, ತಾರೀಖು ಯಾರಿಗೂ ನೆನಪಿಸಬೇಕಾಗಿಲ್ಲ. ದೀಪ ಹಚ್ಚಿದ ಮೇಲೆ ಒಂದು ತಾಸು, ಹೆಚ್ಚು ಬೇಡ.

ನೋಟ್‌ಬುಕ್ಕು ಹೆಣ್ಣುಮಕ್ಕಳ ಕೈಗೆ ಕೊಡಿ. ಸ್ತ್ರೀಶಕ್ತಿ ಗುಂಪುಗಳಲ್ಲಿ ವಾರವಾರ ಸಭೆ ನಡೆಸಿ, ಉಳಿತಾಯ, ಸಾಲ, ಹಾಜರಿ ಬರೆದು ರೂಢಿಯಾದವರು ನಿಮ್ಮ ಊರಲ್ಲೇ ಇದ್ದಾರೆ. ಮೊದಲ ಪುಟದಲ್ಲೇ ಒಂದು ಕಟ್ಟಳೆ ಬರೆಯಿಸಿ: ಚುನಾವಣೆಗೆ ನಿಲ್ಲುವವರು, ಅಭ್ಯರ್ಥಿಯ ಪರ ಓಡಾಡುವವರು ಮೊದಲು ಗುಂಪಿನಿಂದ ಹೊರಗೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲದಿದ್ದರೂ ದುಡ್ಡು ಪಕ್ಷದವರದೇ ಇರುತ್ತದೆ. ಈ ಕಟ್ಟಳೆಯನ್ನು ಚುನಾವಣೆ ಬಂದ ಮೇಲೆ ಬರೆಯಲು ಹೋದರೆ ಯಾರೋ ಒಬ್ಬನನ್ನು ಗುರಿಯಿಟ್ಟಂತಾಗಿ ಗುಂಪು ಒಡೆಯುತ್ತದೆ.

ಮತ್ತೆ ಗುಳೆ. ಸುಗ್ಗಿ ಮುಗಿಯುತ್ತಿದ್ದಂತೆ ನಿಮ್ಮಲ್ಲಿ ನಾಲ್ಕು ಮಂದಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಅವರ ಹೆಸರಲ್ಲಿರುವ ಅರ್ಜಿಗೆ ಆ ಹೊತ್ತಲ್ಲೇ ಉತ್ತರ ಬರುತ್ತದೆ, ಮನೆಗೆ ಬೀಗ ನೋಡಿ ಪೋಸ್ಟ್‌ಮನ್ ವಾಪಸ್ ಕಳಿಸುತ್ತಾನೆ. ಗುಳೆ ಹೋಗುವವರ ಹೆಸರಲ್ಲಿ ಆ ತಿಂಗಳು ಅರ್ಜಿ ಹಾಕಬೇಡಿ. ಅವರ ನಂಬರು, ಯುಗಾದಿಗೆ ಬರುತ್ತಾರೋ ಮೊಹರಮ್ಮಿಗೆ ಬರುತ್ತಾರೋ ಎಂಬುದನ್ನು ಕೊನೆಯ ಪುಟದಲ್ಲಿ ಬರೆದಿಡಿ. ಗ್ರಾಮಸಭೆಯ ನೋಟಿಸು ಬಂದ ದಿನ ಮೊದಲ ಫೋನು ಅವರಿಗೆ ಹೋಗಲಿ.