ನೆಲ್ಲಿತೀರ್ಥದ ಗುಹೆಯಲ್ಲಿ ಅಲಾಸ್ಕಾದ ಮಾತು

ಮಂಗಳೂರಿನಿಂದ ಮೂಡುಬಿದಿರೆ ರಸ್ತೆ ಹಿಡಿದು, ಕೈಕಂಬದ ಟ್ರಾಫಿಕ್ಕಿನಲ್ಲಿ ಸ್ವಲ್ಪ ಬೆವರಿ, ಎಡಪದವಿನ ಹತ್ತಿರ ಒಳಗೆ ತಿರುಗಿದರೆ ನೆಲ್ಲಿತೀರ್ಥ. ಮಳೆಗಾಲದಲ್ಲಿ ಗುಹೆ ಮುಚ್ಚಿರುತ್ತದೆ, ಅದಕ್ಕೇ ಡಿಸೆಂಬರಿನಲ್ಲಿ ಹೋದೆವು. ಕೆರೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಬಗ್ಗಿ, ಆಮೇಲೆ ಮೊಣಕಾಲಿನಲ್ಲಿ ತೆವಳಿ ಒಳಗೆ ಹೋಗಬೇಕು. ಮೇಲಿನಿಂದ ಹನಿ ಬೀಳುತ್ತಲೇ ಇತ್ತು. ಮಳೆ ನಿಂತು ಎಷ್ಟು ದಿನವಾಗಿತ್ತು!

ಜೊತೆಗಿದ್ದ ಗೆಳೆಯ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಓದಿದವನು. "ಅಲ್ಲಿ ಫಾಕ್ಸ್ ಅಂತ ಊರು. 1960ರ ದಶಕದಲ್ಲಿ ಸೇನೆಯವರು ಕೊರೆದ ಸುರಂಗ ಉಂಟು ಮಾರಾಯ, ಒಳಗೆ ಒಂದು ಹನಿ ಬೀಳುವುದಿಲ್ಲ, ನೀರೆಲ್ಲ ಗೋಡೆಯಲ್ಲೇ ಐಸಾಗಿ ನಿಂತಿದೆ" ಅಂದ.

ಆ ಸುರಂಗ ಕೊರೆದದ್ದು ಪರ್ಮಾಫ್ರಾಸ್ಟಿನಲ್ಲಿ. ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿಗಿಂತ ಮೇಲೆ ಏರದ ನೆಲಕ್ಕೆ ಹಾಗನ್ನುತ್ತಾರೆ. ಅಂಥ ಗಟ್ಟಿ ನೆಲದೊಳಗೆ ನೀರು ಹೋಗುವುದಾದರೂ ಹೇಗೆ? ಚಳಿಗಾಲದಲ್ಲಿ ನೆಲ ಕುಗ್ಗಿ ಬಿರುಕು ಬಿಡುತ್ತದೆ, ಬೇಸಿಗೆ ಶುರುವಾಗುವಾಗ ಕರಗಿದ ಹಿಮದ ನೀರು ಆ ಬಿರುಕಿಗೆ ಇಳಿದು ಅಲ್ಲೇ ಹೆಪ್ಪುಗಟ್ಟುತ್ತದೆ, ಮರುವರ್ಷ ಮತ್ತೆ ಅದೇ ಜಾಗ ಸೀಳುತ್ತದೆ, ಮತ್ತೆ ನೀರು, ಮತ್ತೆ ಐಸು. ಹೀಗೆ ಶತಮಾನಗಟ್ಟಲೆ ನಡೆದು ಮನುಷ್ಯನಿಗಿಂತ ಅಗಲದ ಐಸಿನ ಬೆಣೆ ಬೆಳೆಯುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ದಾರಿ. ಸೊನ್ನೆಗಿಂತ ಕೆಳಗಿದ್ದರೂ ನುಣ್ಣನೆ ಮಣ್ಣಿನ ಕಣಗಳ ಸುತ್ತ ತೆಳು ಪದರದಷ್ಟು ನೀರು ಹೆಪ್ಪುಗಟ್ಟದೆ ಉಳಿಯುತ್ತದಂತೆ. ಅದು ಬತ್ತಿ ಎಣ್ಣೆ ಎಳೆದ ಹಾಗೆ ಹೆಚ್ಚು ತಣ್ಣಗಿನ ಕಡೆಗೆ ಸರಿದು, ಅಲ್ಲಿ ಸೇರಿ ಐಸಿನ ಹಾಳೆಯಾಗಿ, ಮೇಲಿನ ನೆಲವನ್ನೇ ಎತ್ತುತ್ತದೆ. ರಸ್ತೆ, ಮನೆ ಏನಿದ್ದರೂ ಸೊಟ್ಟ.

ಹೊರಗೆ ಬಂದು ಬಿಸಿಲಿಗೆ ನಿಂತಾಗ ಮಳೆಯ ಲೆಕ್ಕ ಬಂತು. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುತ್ತದೆ, ಮುರಕಲ್ಲಿನ (ಜಂಬಿಟ್ಟಿಗೆಯ) ತೂತುಗಳಲ್ಲಿ ಇಳಿದು, ಅದರಡಿಯ ನೀರು ಸುಲಭಕ್ಕೆ ಬಿಡದ ಶೇಡಿ ಮಣ್ಣಿನ ಮೇಲೆ ಹರಡಿ ಗುಡ್ಡದ ಬದಿಯಲ್ಲಿ ಒಸರುತ್ತದೆ, ಮೇ ತಿಂಗಳಲ್ಲಿ ಬಾವಿ ಖಾಲಿ. ಫೇರ್‌ಬ್ಯಾಂಕ್ಸ್‌ನಲ್ಲಿ ಬೀಳುವುದು ಸುಮಾರು 300 ಮಿ.ಮೀ. ಅಷ್ಟೇ, ಆದರೂ ಬೇಸಿಗೆಯಲ್ಲಿ ಎಷ್ಟೋ ಕಡೆ ಕೆಸರು. ಮೇಲಿನ ಪದರ ಮಾತ್ರ ಕರಗುತ್ತದೆ, ಕೆಳಗೆ ಇಳಿಯಲು ದಾರಿಯಿಲ್ಲ, ಅಲ್ವಾ?

ರಷ್ಯಾದ ಯಾಕುಟ್ಸ್ಕ್‌ನಲ್ಲಿ ಶೆರ್ಗಿನ್ ಎಂಬಾತ ನೀರಿಗಾಗಿ ಬಾವಿ ತೋಡಿಸಿದ. 1837ರ ಹೊತ್ತಿಗೆ 116 ಮೀಟರ್ ಇಳಿದರೂ ಬರೀ ಹೆಪ್ಪುಗಟ್ಟಿದ ನೆಲ! ನಮ್ಮೂರಲ್ಲಾಗಿದ್ದರೆ ಅಷ್ಟರೊಳಗೆ ನೀರು ನೋಡುವವರು ತೆಂಗಿನಕಾಯಿ ಹಿಡಿದು ಬಂದು, ಬೇರೆ ಜಾಗ ತೋರಿಸಿ, ಊಟ ಮಾಡಿ ಹೋಗಿರುತ್ತಿದ್ದರು.