ಮನೆ ಕಂದಾಯ ಕಟ್ಟಿದೆ

ಈ ಸಲವೂ ಏಪ್ರಿಲ್‌ನಲ್ಲೇ ಬೆಂಗಳೂರಿನ ಮನೆಯ ಕಂದಾಯ ಕಟ್ಟಿದೆ, ಶೇ 5ರ ರಿಯಾಯಿತಿ ಸಿಕ್ಕಿತು. ತೆರಿಗೆಯ ಜೊತೆಗೆ ಸೇರುವ ಸೆಸ್‌ನಲ್ಲಿ ಗ್ರಂಥಾಲಯದ ಪಾಲೂ ಇದೆ ಎಂಬುದು ನನಗೆ ಪ್ರತಿ ವರ್ಷವೂ ಸಂತೋಷ ಕೊಡುತ್ತದೆ.

ಸಣ್ಣ ಹಣವಲ್ಲ ಇದು. 2024-25ರಲ್ಲಿ ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿ ಆಸ್ತಿ ತೆರಿಗೆಯಿಂದಲೇ 4,900 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹಿಸಿತ್ತು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಬಿಬಿಎಂಪಿಗೆ ಚುನಾವಣೆಯೇ ನಡೆಯಲಿಲ್ಲ. ಇಷ್ಟೊಂದು ಹಣ ಕೊಟ್ಟ ಜನರಿಗೆ, ನಮ್ಮ ಬೀದಿಯ ಚರಂಡಿ ಏನಾಯಿತು ಎಂದು ಕೇಳಲು ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಇದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಆ ಒಂದು ಪಾಲಿಕೆ ಐದಾಯಿತು. ಬಿಬಿಎಂಪಿಗೆ ಅತಿ ಹೆಚ್ಚು ತೆರಿಗೆ ತರುತ್ತಿದ್ದ ಮಹದೇವಪುರ ಈಗ ಪೂರ್ವ ಪಾಲಿಕೆಯಲ್ಲಿದೆ. ಅಲ್ಲಿರುವಷ್ಟು ಟೆಕ್ ಪಾರ್ಕ್‌ಗಳು ರಾಜಾಜಿನಗರ, ವಿಜಯನಗರದ ಹಳೆಯ ಬಡಾವಣೆಗಳಲ್ಲಿ ಎಲ್ಲಿವೆ? ಸ್ವಂತ ವಾಸದ ಮನೆಗೆ ತೆರಿಗೆಯ ದರ ಬಾಡಿಗೆಗೆ ಕೊಟ್ಟ ಮನೆಯ ದರದ ಅರ್ಧ. ಆ ವಿನಾಯಿತಿ ಉಳಿಯಲೇಬೇಕು, ಪಿಂಚಣಿಯಲ್ಲಿ ಬದುಕುವ ಹಿರಿಯರಿಗೆ ಅದೇ ಆಸರೆ. ಹಾಗಾದರೆ ವರಮಾನ ಕಡಿಮೆಯಿರುವ ಪಾಲಿಕೆ ದರ ಏರಿಸದೆ ಬಾಳುವುದು ಹೇಗೆ? ಶ್ರೀಮಂತ ಪಾಲಿಕೆಯ ಗಳಿಕೆಯಲ್ಲಿ ಒಂದು ಪಾಲು ಉಳಿದ ನಾಲ್ಕಕ್ಕೂ ಹೋಗಬೇಕು ಎನ್ನುವುದು ನನ್ನ ಅಭಿಪ್ರಾಯ. ಪೂರ್ವದಲ್ಲಿರುವ ಗೆಳೆಯರು ಇದನ್ನು ಒಪ್ಪಲಿಕ್ಕಿಲ್ಲ. ಅವರ ರಸ್ತೆಗಳೂ ಮಳೆಗೆ ಮುಳುಗುತ್ತವೆ, ಅದೂ ಸುಳ್ಳಲ್ಲ.